ಇಂದು ಇಲ್ಲಿ ಇಲ್ಲದವರು

ಮಲಬಾರಿನ ಹಿನ್ನೀರಿನ ದಂಡೆಯಲ್ಲಿ, ಕಾಳುಮೆಣಸಿನ ದೋಣಿಗಳು ನಿಂತು ಹೋಗುತ್ತಿದ್ದ ಒಂದು ಕಡವಿನ ಪಕ್ಕ, ಯೆಹೂದ್ಯರದೊಂದು ಬೀದಿಯಿತ್ತು. ಬೀದಿಯ ಕೊನೆಗೆ ಅವರ ಪ್ರಾರ್ಥನಾಮಂದಿರ, ಅದರ ಅಂಗಳದಲ್ಲಿ ಒಂದು ಬಾವಿ, ಬಾವಿಗೆ ಬೆನ್ನು ಕೊಟ್ಟ ಒಂದು ಸಣ್ಣ ಕೋಣೆ. ಪೂಜ್ಯರಾದ ಹಾಖಾಂ ತೋವಿಯಾ ಅವರು ತಮ್ಮ ಜೀವಿತದ ಬಹುಭಾಗವನ್ನು ಆ ಕೋಣೆಯಲ್ಲಿಯೇ ಕಳೆದರು. ಹಾಖಾಂ ಎಂದರೆ ಅವರಲ್ಲಿ ಜ್ಞಾನಿ, ಧರ್ಮಗುರು ಎಂದರ್ಥ. ಗುರುಸ್ಥಾನಕ್ಕೆಂದು ಅವರು ಯಾರಿಂದಲೂ ಏನನ್ನೂ ಸ್ವೀಕರಿಸುತ್ತಿರಲಿಲ್ಲ. ಹುಣಸೆ ಬೀಜ ಅರೆದು ಅಂಟು ಕಾಯಿಸಿ, ಊರವರ ಹರಿದ ಪ್ರಾರ್ಥನಾ ಪುಸ್ತಕಗಳಿಗೆ ರಟ್ಟು ಕಟ್ಟಿಕೊಟ್ಟು, ಅದರಿಂದ ಬಂದುದರಲ್ಲಿ ಗಂಜಿ ಉಣ್ಣುತ್ತಿದ್ದರು. ಪತ್ನಿ ಎಂದೋ ದೈವಾಧೀನರಾಗಿದ್ದರು, ಮಕ್ಕಳಿರಲಿಲ್ಲ. ಅವರನ್ನು ಕಾಣಲು ಹೋದವರ ಮೂಗಿಗೆ ಮೊದಲು ಬಡಿಯುತ್ತಿದ್ದದ್ದು ಆ ಅಂಟಿನ ವಾಸನೆ. ಅದು ಅನೇಕರಿಗೆ ಊದುಬತ್ತಿಗಿಂತ ಪವಿತ್ರವಾಗಿತ್ತು ಎಂದು ಹಿರಿಯರು ನೆನೆಯುತ್ತಾರೆ.

ಬಾವಿಯಿಂದ ನೀರೆಳೆದು ಬೀದಿಯ ಮನೆಮನೆಗೆ ಹೊತ್ತು ಹಾಕುತ್ತಿದ್ದವನ ಹೆಸರು ಗೆರ್ಶೋಂ. ಆಗ ಅವನಿಗೆ ಐವತ್ತು ಸಮೀಪಿಸಿತ್ತು. ಹೆಗಲಿಗೆ ಅಡ್ಡೆಯ ಕೋಲು, ಎರಡೂ ತುದಿಗೆ ತಾಮ್ರದ ಕೊಡ. ಯಾವ ಮನೆಯ ಹಂಡೆ ಎಷ್ಟು ಹಿಡಿಯುತ್ತದೆ, ಯಾವ ಮನೆಯ ಬಾನಿಯಲ್ಲಿ ಬಿರುಕಿದೆ ಎಂಬುದೆಲ್ಲ ಅವನಿಗೆ ಬಾಯಿಪಾಠ. ಆದರೆ ಒಂದು ಮನೆಯ ಊಟದ ಸಾಲೂ ಅವನಿಗೆ ಗೊತ್ತಿರಲಿಲ್ಲ. ಅವನು ಹಸುಗೂಸಾಗಿದ್ದಾಗ ಕಡವಿನ ಬಳಿ ಸಿಕ್ಕಿದವನು. ಊರವರು ಎತ್ತಿಕೊಂಡರು, ತಮ್ಮ ಮತದ ಸಂಸ್ಕಾರ ಮಾಡಿಸಿದರು, ಹೆಸರಿಟ್ಟರು, ಮಂದಿರದ ಹಿಂದೆ ಒಂದು ಬಿಡಾರ ಕೊಟ್ಟರು. ಅಷ್ಟಕ್ಕೆ ಅವರ ಕರ್ತವ್ಯ ಮುಗಿಯಿತು. ಬಿಸಾಡಿದ ಮಗುವಿನ ಹುಟ್ಟು ಎಂಥದೋ ಯಾರಿಗೆ ಗೊತ್ತು, ಅಂಥವನಿಗೆ ಹೆಣ್ಣು ಕೊಡಕೂಡದು ಎಂದು ಅವರ ಶಾಸ್ತ್ರ ಹೇಳುತ್ತದೆ. ಶಾಸ್ತ್ರ ಹೇಳಿದ್ದು ಒಂದು ಗೇಣು, ಜನ ಎಳೆದದ್ದು ಒಂದು ಮಾರು. ಹೆಣ್ಣು ಕೊಡಲಿಲ್ಲ, ಸರಿ. ಜೊತೆಗೆ ಕೂತು ಉಣ್ಣುವುದನ್ನೂ ಬಿಟ್ಟರು. ಸಬ್ಬತ್ತಿನ ಊಟ, ಅಂದರೆ ಅವರ ಶನಿವಾರದ ವಿಶ್ರಾಂತಿಯ ದಿನದ ಊಟ, ಒಂದು ತಟ್ಟೆಯಲ್ಲಿ ಅವನ ಜಗಲಿಗೆ ಬರುತ್ತಿತ್ತು. ಬಂದು ಇಟ್ಟವರು ನಿಲ್ಲುತ್ತಿರಲಿಲ್ಲ.

ಆ ಜನ ಕೆಟ್ಟವರೆಂದು ಯಾರೂ ತಿಳಿಯಬಾರದು. ದಾನಧರ್ಮ ಬಲ್ಲವರು, ಶಾಸ್ತ್ರವಂತೂ ಅರೆದು ಕುಡಿದವರು. ತಮ್ಮ ಪ್ರವಾದಿ ಮೋಶೆಯ ಐದು ಗ್ರಂಥಗಳನ್ನು ತೊಗಲಿನ ಸುರುಳಿಯಲ್ಲಿ ಬರೆದಿಟ್ಟುಕೊಂಡು, ವಾರಕ್ಕೊಂದು ಭಾಗದಂತೆ ವರ್ಷವಿಡೀ ಓದಿ ಮುಗಿಸುವುದು ಅವರ ಪದ್ಧತಿ. ಓದಾದ ಮೇಲೆ ಸಂಜೆಯವರೆಗೆ ಅಂಗಳದಲ್ಲಿ ಕೂತು ಪ್ರಶ್ನೆ ಹಾಕುತ್ತಾರೆ. ಈ ಮಾತು ಇಲ್ಲೇಕೆ ಬಂತು, ಒಮ್ಮೆ ಹೇಳಿದ್ದನ್ನು ಮೋಶೆ ಮತ್ತೆ ಯಾಕೆ ಹೇಳಿದ, ಹೇಳದೆ ಬಿಟ್ಟದ್ದು ಏನನ್ನು? ಒಂದು ಸಾಲಿಗೆ ಹತ್ತು ಪ್ರಶ್ನೆ, ಹಿಂದಿನ ವ್ಯಾಖ್ಯಾನಕಾರರು ಕೊಟ್ಟ ಇಪ್ಪತ್ತು ಉತ್ತರ. ಪ್ರಶ್ನೆ ಕೇಳದವನು ಓದಿಯೇ ಇಲ್ಲ ಎನ್ನುವುದು ಅವರ ಅಭಿಮಾನದ ಮಾತು.

ಸುರುಳಿ ಓದುವ ವೇದಿಕೆ ಆ ಮಂದಿರದಲ್ಲಿ ಮಹಡಿಯ ಮೇಲಿತ್ತು. ಅದರ ಹಿಂದೆಯೇ ಮರದ ಜಾಲರಿ, ಜಾಲರಿಯ ಆಚೆ ಹೆಂಗಸರು. ಓದಿನ ಹೊತ್ತಿಗೆ ಕೆಲವು ಗಂಡಸರನ್ನು ಒಬ್ಬೊಬ್ಬರನ್ನಾಗಿ, 'ಇಂಥವರ ಮಗ ಇಂಥವನು ಎದ್ದು ಬರಲಿ' ಎಂದು ಕೂಗಿ ಮೇಲಕ್ಕೆ ಕರೆಯುವುದು ದೊಡ್ಡ ಗೌರವ. ಇಳಿದು ಬಂದವನಿಗೆ ಎಲ್ಲರೂ ಕೈ ಚಾಚುತ್ತಾರೆ. ಬೆರಳ ತುದಿಗೆ ಬೆರಳ ತುದಿ ಮುಟ್ಟಿಸಿ, ತಮ್ಮ ಬೆರಳಿಗೆ ತಾವೇ ಮುತ್ತಿಟ್ಟು, ಬಲವಾಗಿರು, ಧನ್ಯನಾಗಿರು ಎಂದು ಹರಸುತ್ತಾರೆ. ಗೆರ್ಶೋಮನನ್ನು ಹಾಗೆ ಕರೆಯುವಂತಿರಲಿಲ್ಲ. ತಂದೆಯ ಹೆಸರೇ ಇಲ್ಲದವನನ್ನು ಯಾರ ಮಗನೆಂದು ಕರೆಯುವುದು?

ವರ್ಷದಲ್ಲಿ ಒಂದು ಸಬ್ಬತ್ತು ಮಾತ್ರ ಬೇರೆ. ನಮ್ಮಲ್ಲಿ ಪಿತೃಪಕ್ಷ ನಡೆಯುವ ದಿನಗಳಲ್ಲೇ ಹೆಚ್ಚು ಕಡಿಮೆ ಅವರ ವರ್ಷವೂ ಮುಗಿಯುತ್ತದೆ. ಆಗ ಬರುವ ಓದಿನಲ್ಲಿ, ದಾರಿ ತಪ್ಪಿದ ಜನಕ್ಕೆ ಮೋಶೆ ನುಡಿದ ಶಾಪಗಳಿವೆ. ಒಂದಲ್ಲ ಎರಡಲ್ಲ, ಕೇಳಿದವರ ಎದೆ ಒಣಗಿಹೋಗುವಷ್ಟಿವೆ. ಅದನ್ನು ತಗ್ಗಿದ ದನಿಯಲ್ಲಿ ಓದುತ್ತಾರೆ. ಆ ಓದಿಗೆ ಯಾರ ಹೆಸರನ್ನೂ ಕೂಗುವುದಿಲ್ಲ, ಕೂಗಿದರೆ ಶಾಪ ಆ ಹೆಸರಿಗೆ ಅಂಟೀತೆಂಬ ಅಂಜಿಕೆ. ಕರೆಯುವ ಪಾರುಪತ್ಯಗಾರನು 'ಇಷ್ಟವಿದ್ದವರು ಎದ್ದು ಬನ್ನಿ' ಎಂದಷ್ಟೇ ಹೇಳಿ ನೆಲ ನೋಡುತ್ತಾನೆ. ಗೆರ್ಶೋಂ ಪ್ರಾಯಕ್ಕೆ ಬಂದಂದಿನಿಂದ ಪ್ರತಿ ವರ್ಷವೂ ಎದ್ದು ಹೋಗುತ್ತಿದ್ದವನು ಅವನೇ. ಹೆಸರಿಲ್ಲದ ಕರೆಗೆ ಹೆಸರಿಲ್ಲದವನು. ಎಲ್ಲರಿಗೂ ಇದು ಎಷ್ಟು ಸಲೀಸಾಗಿತ್ತೆಂದರೆ, ದೇವರೇ ಹೊಂದಿಸಿಕೊಟ್ಟ ಏರ್ಪಾಡೆಂದು ನಂಬಿದ್ದರು.

ಮೊದಮೊದಲು ಅವನಿಗೂ ಸಂತೋಷವೇ ಇತ್ತು. ವರ್ಷಕ್ಕೊಮ್ಮೆಯಾದರೂ ಆ ಮರದ ಮೆಟ್ಟಿಲು ಹತ್ತುವೆನಲ್ಲ ಎಂದು ಹೊಸ ಪಂಚೆ ತೆಗೆದಿಡುತ್ತಿದ್ದ. ಆದರೆ ಇಳಿದು ಬಂದಾಗ ಒಂದು ಕೈಯೂ ಮುಂದೆ ಬರುತ್ತಿರಲಿಲ್ಲ. ಶಾಪದ ಓದಿನಿಂದ ಬಂದವನ ಬೆರಳು ಮುಟ್ಟಿ ಯಾರು ಮುತ್ತಿಡುತ್ತಾರೆ? ಎಲ್ಲರೂ ಪುಸ್ತಕದಲ್ಲಿ ಮುಖ ಹುದುಗಿಸಿರುತ್ತಿದ್ದರು. ಆ ಓದಿನಲ್ಲಿ ಒಂದು ಮಾತು ಬರುತ್ತದೆ. ಬೆಳಿಗ್ಗೆ ನೀನು, ಇನ್ನೂ ಸಂಜೆಯಾಗಬಾರದೇ ಎನ್ನುವೆ. ಸಂಜೆ ನೀನು, ಇನ್ನೂ ಬೆಳಗಾಗಬಾರದೇ ಎನ್ನುವೆ. ಉಳಿದವರಿಗೆ ಅದು ಬೆದರಿಕೆಯಾಗಿ ಕೇಳುತ್ತಿತ್ತು. ಗೆರ್ಶೋಮನಿಗೆ ಅದು ಅವನ ಬಿಡಾರದ ವರ್ತಮಾನವಾಗಿತ್ತು. ಒಲೆಯ ಮುಂದೆ ಒಬ್ಬನೇ ಕೂತು ಅನ್ನ ಬೇಯುವುದನ್ನು ನೋಡುವಾಗ ಅವನು ಆ ಮಾತನ್ನು ಎಷ್ಟೋ ಸಲ ತನಗೆ ತಾನೇ ಹೇಳಿಕೊಂಡಿದ್ದ.

ಆ ವರ್ಷ ಅವನು ಏಳಲಿಲ್ಲ.

ಪಾರುಪತ್ಯಗಾರ ಓಬದ್ಯಾ ಆನೆಯಂಥ ಆಳು, ಮಾತಿನಲ್ಲಿ ಕಟ್ಟುನಿಟ್ಟು. ಅವನು ಎಂದಿನಂತೆ 'ಇಷ್ಟವಿದ್ದವರು ಎದ್ದು ಬನ್ನಿ' ಎಂದ. ಮಂದಿರ ಸುಮ್ಮನಿತ್ತು. ಮತ್ತೊಮ್ಮೆ ಅಂದ. ಒಬ್ಬೊಬ್ಬರ ತಲೆಯೂ ಮೆಲ್ಲಗೆ ಹಿಂದಿನ ಬೆಂಚಿನತ್ತ ತಿರುಗಿತು. ಗೆರ್ಶೋಂ ತನ್ನ ಅಂಗೈಗಳನ್ನು ನೋಡುತ್ತ ಕೂತಿದ್ದ. ಏಳಬೇಕೆಂದು ಅವನಿಗೂ ಅನಿಸಿತು, ಕಾಲು ಒಪ್ಪಲಿಲ್ಲ. ಹಿತ್ತಾಳೆಯ ದೀಪಗಳಲ್ಲಿ ಎಣ್ಣೆ ಚಿಟಚಿಟ ಅನ್ನುವುದು ಕೂಡ ಕೇಳಿಸುವಷ್ಟು ಹೊತ್ತು ಹಾಗೆಯೇ ಕಳೆಯಿತು. ಕೊನೆಗೆ ಮೇಲಿನ ವೇದಿಕೆಯಲ್ಲಿ ಸುರುಳಿಯ ಮುಂದೆ ನಿಂತಿದ್ದ ಪೂಜ್ಯರು, ಯಾರನ್ನೂ ನೋಡದೆ, ಆ ಕರೆಯನ್ನು ತಾವೇ ಸ್ವೀಕರಿಸಿ ಓದಿ ಮುಗಿಸಿದರು. ಅವರ ದನಿ ಅಂದು ಎಂದಿಗಿಂತ ನಿಧಾನವಾಗಿತ್ತೆಂದು ಹೇಳುತ್ತಾರೆ.

ಹೊರಗೆ ಬಂದ ಮೇಲೆ ಮಾತು ಹತ್ತಿಕೊಂಡಿತು. ಹೊಸ ವರ್ಷದ ಬಾಗಿಲಲ್ಲಿ ಇದೆಂಥ ಅಪಶಕುನ, ಈ ವರ್ಷ ಊರಿಗೆ ಏನಾದರೂ ಆದರೆ ಅದು ಗೆರ್ಶೋಮನ ತಲೆಗೆ ಎಂದು ಓಬದ್ಯಾ ಎಲ್ಲರ ಮುಂದೆ ಅಂದ. ಉಂಡ ಮನೆಗೆ ಎರಡು ಬಗೆಯಬಾರದು ಎಂದೂ ಒಂದು ಮಾತು ಸೇರಿಸಿದ. ಗೆರ್ಶೋಂ ಅಂಗಳ ದಾಟಿ ತನ್ನ ಬಿಡಾರಕ್ಕೆ ನಡೆದ. ಉಂಡದ್ದು ಯಾವ ಮನೆಯಲ್ಲಿ ಎಂದು ಅವನಿಗೂ ಗೊತ್ತಿರಲಿಲ್ಲ.

ಮಾರನೆಯ ಬೆಳಿಗ್ಗೆ ಅವನು ಎಂದಿನಂತೆ ಮೊದಲ ಕೊಡ ನೀರನ್ನು ಪೂಜ್ಯರ ಕೋಣೆಗೆ ತಂದ. ಈ ಊರು ಬಿಟ್ಟು ದೋಣಿ ಹತ್ತುವುದೆಂದು ಅಷ್ಟರಲ್ಲಿ ನಿಶ್ಚಯಿಸಿಕೊಂಡಿದ್ದ. ಎಲ್ಲಿಗೆ ಎಂಬುದು ತಿಳಿದಿರಲಿಲ್ಲ. ಪೂಜ್ಯರು ನೆಲದ ಮೇಲೆ ಕುಳಿತು ಒಂದು ಪುಸ್ತಕದ ಬೆನ್ನಿಗೆ ಅಂಟು ಸವರುತ್ತಿದ್ದರು. ನೀರು ಸುರಿದು ಮುಗಿದ ಮೇಲೂ ಅವನು ಹೊರಡದಿದ್ದುದನ್ನು ಕಂಡು ಕುಂಚ ಕೆಳಗಿಟ್ಟರು. ಬೈಗುಳಕ್ಕೆ ಅವನು ತಯಾರಾಗಿ ಬಂದಿದ್ದ. ಪೂಜ್ಯರು ಬಯ್ಯಲಿಲ್ಲ, ಕೂರು ಎಂದು ಕೈಯಿಂದ ತೋರಿಸಿದರು. ಅವನು ಕೂತು ಹೇಳಿದ.

"ಶಾಪದ ದಿನ ಯಾರ ಹೆಸರನ್ನೂ ಕೂಗುವುದಿಲ್ಲ ಅಂತ ನಾನು ಎದ್ದೆ. ಉಳಿದ ದಿನ ನನ್ನ ಹೆಸರು ಕೂಗಲಿಕ್ಕೆ ಆಗುವುದಿಲ್ಲ ಅಂತ ಕೂತೆ. ಇನ್ನು ನನ್ನಿಂದ ಆಗುವುದಿಲ್ಲ, ಗುರುಗಳೇ. ನೀವು ಇಷ್ಟೆಲ್ಲ ಪುಸ್ತಕ ಕಟ್ಟಿದ್ದೀರಿ, ಓದಿದ್ದೀರಿ. ನಾನು ಯಾರ ಮಗ ಅಂತ ಯಾವುದರಲ್ಲಾದರೂ ಉಂಟಾ?"

ಪೂಜ್ಯರು ಅಂಟಿನ ಪುಸ್ತಕವನ್ನು ಪಕ್ಕಕ್ಕೆ ಸರಿಸಿದರು. ಅವನಿಗೆ ಅಕ್ಷರ ಕಲಿಸಿದವರು ಅವರೇ. ಐದು ವರ್ಷದ ಹುಡುಗನಾಗಿದ್ದಾಗ ಉಳಿದ ಮಕ್ಕಳ ಜೊತೆ ಮಂದಿರದ ಜಗಲಿಯಲ್ಲಿ ಕೂರಿಸಿ, ಹಲಗೆಯ ಮೇಲೆ ಜೇನು ಸವರಿ, ಆ ಜೇನಿನಲ್ಲಿ ಮೊದಲ ಅಕ್ಷರ ತಿದ್ದಿಸಿದ್ದರು. ಉಳಿದ ಮಕ್ಕಳು ಬೆರಳು ನೆಕ್ಕುತ್ತ ಅಪ್ಪಂದಿರ ಹತ್ತಿರ ಓಡಿದಾಗ ಈ ಹುಡುಗ ಹಲಗೆ ಹಿಡಿದು ಅಲ್ಲಿಯೇ ನಿಂತಿದ್ದ. ಅದು ಪೂಜ್ಯರಿಗೆ ನೆನಪಿತ್ತು.

"ನಿನ್ನನ್ನು ಎತ್ತಿಕೊಂಡದ್ದು ಯಾರು?" ಎಂದು ಕೇಳಿದರು.

ಸೂಲಗಿತ್ತಿ ಲೇಯಾಮ್ಮ ಎಂದು ಅವನು ಹೇಳಿದ. ಊರಿಗೆಲ್ಲ ಗೊತ್ತಿದ್ದ ಸಂಗತಿ ಅದು.

"ಅವಳನ್ನು ಕೇಳಿದವರು ಯಾರು?"

ಪೂಜ್ಯರು ಅಂಟಿನ ಕೈಯನ್ನು ಪಂಚೆಗೆ ಒರೆಸಿಕೊಂಡು ಎದ್ದುಬಿಟ್ಟರು. ಎಪ್ಪತ್ತು ದಾಟಿದ ಆ ದೇಹ, ಕೋಲನ್ನೂ ಹಿಡಿಯದೆ, ಬೀದಿಯಲ್ಲಿ ಮುಂದೆ ಮುಂದೆ ನಡೆಯಿತು. ಅಡ್ಡೆ ಹೊತ್ತವನು ಹಿಂದೆ. ಬಾಗಿಲುಗಳಲ್ಲಿ ನಿಂತಿದ್ದವರಿಗೆ ಆಶ್ಚರ್ಯ. ಗುರುಗಳು ಯಾರ ಮನೆಗೂ ಕರೆಯದೆ ಹೋದವರಲ್ಲ.

ಲೇಯಾಮ್ಮ ಜಗಲಿಯಲ್ಲಿ ಮೊರ ಹಿಡಿದು ಅಕ್ಕಿ ಕೇರುತ್ತಿದ್ದಳು. ಆ ಬೀದಿಯ ಮುಕ್ಕಾಲು ಪಾಲು ಜನವನ್ನು ಈ ಲೋಕಕ್ಕೆ ಬರಮಾಡಿಕೊಂಡ ಕೈ ಅವಳದು. ಕಣ್ಣು ಮಸುಕಾಗಿತ್ತು, ನಾಲಗೆ ಮಸುಕಾಗಿರಲಿಲ್ಲ. ಪೂಜ್ಯರು ಮೆಟ್ಟಿಲ ಮೇಲೆಯೇ ಕುಳಿತು, ಮಗು ಸಿಕ್ಕಿದಾಗ ಹೇಗಿತ್ತೆಂದು ಕೇಳಿದರು. ಮುದುಕಿ ಮೊರ ಕೆಳಗಿಟ್ಟಳು.

"ಈಗ ಕೇಳಲಿಕ್ಕೆ ಬಂದಿರಾ," ಎಂದಳು. "ಅವತ್ತು ಗಂಡಸರೆಲ್ಲ ಅಂಗಳದಲ್ಲಿ ಕೂತು ಬಿಸಾಡಿದ ಮಗು ಅಂತ ತೀರ್ಮಾನ ಮಾಡಿದರಲ್ಲ. ನನ್ನನ್ನು ಒಬ್ಬರಾದರೂ ಕರೆದರಾ?"

ಆಮೇಲೆ ಅವಳು ಹೇಳಿದಳು. ಅದು ವಾಂತಿಭೇದಿಯ ವರ್ಷ. ಮೇಲಿನ ಊರುಗಳಿಂದ ಜನ ದೋಣಿ ದೋಣಿಯಾಗಿ ಓಡಿಬರುತ್ತಿದ್ದರು, ದಾರಿಯಲ್ಲೇ ಬೀಳುತ್ತಿದ್ದರು. ಒಂದು ಬೆಳಿಗ್ಗೆ ಅವಳು ಗಂಡನೊಡನೆ ಕಡವಿಗೆ ಹೋಗಿದ್ದಾಗ ಕೂಸಿನ ಅಳು ಕೇಳಿಸಿತು. ನೆಲದಲ್ಲಿ ಎಷ್ಟು ಹುಡುಕಿದರೂ ಇಲ್ಲ. ಕೊನೆಗೆ ತಲೆಯೆತ್ತಿ ನೋಡಿದರೆ, ಹಲಸಿನ ಮರದ ಕೊಂಬೆಗೆ ಸೀರೆಯ ಜೋಲಿ ಕಟ್ಟಿತ್ತು.

"ನರಿಯ ಬಾಯಿಗೆ ಎಟುಕದ ಹಾಗೆ ಕಟ್ಟಿದ್ದರು. ನನಗೂ ಎಟುಕಲಿಲ್ಲ, ನಮ್ಮವರಿಗೂ ಎಟುಕಲಿಲ್ಲ. ಕಡೆಗೆ ನಾನು ಅವರ ಹೆಗಲ ಮೇಲೆ ಹತ್ತಿ ನಿಂತು ಗಂಟು ಬಿಚ್ಚಿದೆ. ಕೂಸಿಗೆ ಮೈತುಂಬ ಎಣ್ಣೆ. ತೊಡೆಯ ಮಡಿಕೆ, ಕತ್ತಿನ ಮಡಿಕೆ, ಕಿವಿಯ ಹಿಂದೆ, ಎಲ್ಲೂ ಬಿಟ್ಟಿರಲಿಲ್ಲ. ಹೊಕ್ಕಳು ಬಳ್ಳಿ ಚೆಂದ ಮಾಡಿ ಕಟ್ಟಿತ್ತು. ನಾನು ಎಷ್ಟು ಬಾಣಂತನ ಮಾಡಿದವಳು, ನನಗೆ ಗೊತ್ತಾಗುವುದಿಲ್ಲವಾ? ಬಿಸಾಡುವವರು ಎಣ್ಣೆ ಹಚ್ಚುತ್ತಾರಾ, ಗುರುಗಳೇ?"

ಪೂಜ್ಯರು ಕಣ್ಣು ಮುಚ್ಚಿಕೊಂಡರು. ಹಿಂದಿನ ಜ್ಞಾನಿಗಳು ಈ ಸಂಗತಿಯನ್ನು ನೂರಾರು ವರ್ಷಗಳ ಹಿಂದೆಯೇ ತೀರ್ಮಾನಿಸಿಟ್ಟಿದ್ದರು. ಎಣ್ಣೆ ಸವರಿ, ಅಂಗಾಂಗ ನೀವಿ, ಮೃಗಕ್ಕೆ ಎಟುಕದಂತೆ ಮರಕ್ಕೆ ಕಟ್ಟಿಟ್ಟ ಮಗು ಬಿಸಾಡಿದ ಮಗುವಲ್ಲ. ಅದು ಬದುಕಲೆಂದು ಇರಿಸಿದ ಮಗು, ಅದರ ಹುಟ್ಟನ್ನು ಯಾರೂ ಶಂಕಿಸಕೂಡದು. ಆ ಬೀದಿಯ ಗಂಡಸರಲ್ಲಿ ಈ ಮಾತನ್ನು ಓದದವರಿರಲಿಲ್ಲ. ಅದರ ಮೇಲೆ ಎಷ್ಟೋ ಸಬ್ಬತ್ತಿನ ಸಂಜೆ ವಾದ ಹೂಡಿದ್ದರು. ಎಣ್ಣೆ ಎಂದರೆ ಯಾವ ಎಣ್ಣೆ, ಮರ ಎಂದರೆ ಯಾವ ಮರ ಎಂದು ಪ್ರಶ್ನೆ ಕೇಳಿದ್ದರು. ಹತ್ತು ಮನೆಯಾಚೆ ಕೂತಿದ್ದ ಮುದುಕಿಯನ್ನು ಮಾತ್ರ ಕೇಳಿರಲಿಲ್ಲ.

"ನಾನೂ ಕೇಳಲಿಲ್ಲ," ಎಂದರು ಪೂಜ್ಯರು. ಅವರ ಗಡ್ಡ ತೊಯ್ದಿತ್ತು.

ಗೆರ್ಶೋಂ ಅಡ್ಡೆಯನ್ನು ಅಲ್ಲಿಯೇ ಬಿಟ್ಟು ಕಡವಿಗೆ ನಡೆದ. ಆ ಹಲಸಿನ ಮರ ಇನ್ನೂ ಇತ್ತು. ದಿನಕ್ಕೆಷ್ಟೋ ಬಾರಿ ಅದರ ಕೆಳಗೆ ಹಾದುಹೋಗಿದ್ದಾನೆ, ಅದರ ನೆರಳಲ್ಲಿ ಬೆವರು ಒರೆಸಿಕೊಂಡಿದ್ದಾನೆ, ಅದರ ಹಣ್ಣು ತಿಂದಿದ್ದಾನೆ. ಈಗ ಮೊದಲ ಸಲವೆಂಬಂತೆ ತಲೆಯೆತ್ತಿ ನೋಡಿದ. ಕೆಳಗಿನ ಕೊಂಬೆಗೆ ಕೈ ಚಾಚಿದ, ಹಿಮ್ಮಡಿಯೆತ್ತಿ ಚಾಚಿದ. ಎಟುಕಲಿಲ್ಲ. ಒಬ್ಬರಿಂದ ಆಗುವ ಕೆಲಸ ಅದಾಗಿರಲಿಲ್ಲ. ಸಾವು ಬೆನ್ನಟ್ಟಿ ಬರುತ್ತಿದ್ದಾಗ ಯಾರೋ ಒಬ್ಬ ಇಲ್ಲಿ ಬೇರಿನ ಮೇಲೆ ಕಾಲೂರಿ ನಿಂತು ಹೆಗಲು ಕೊಟ್ಟಿದ್ದ, ಯಾರೋ ಒಬ್ಬಳು ಆ ಹೆಗಲ ಮೇಲೆ ನಿಂತು ಗಂಟು ಹಾಕಿದ್ದಳು. ಅವನಿಗೆ ಅಪ್ಪನೂ ಇದ್ದ, ಅಮ್ಮನೂ ಇದ್ದಳು. ಇಬ್ಬರೂ ಇಲ್ಲಿಯೇ ನಿಂತಿದ್ದರು. ಐವತ್ತು ವರ್ಷದ ಗಂಡಸು ಮರಕ್ಕೆ ಹಣೆಯಿಟ್ಟು ಮಗುವಿನಂತೆ ಅತ್ತ. ದೋಣಿಯವರು ನೋಡಿ, ಏನೋ ಸಾವಿನ ಸುದ್ದಿ ಬಂದಿರಬೇಕು ಎಂದುಕೊಂಡು ದೂರ ಸರಿದರು. ಅವರು ತಿಳಿದದ್ದು ತಪ್ಪೂ ಅಲ್ಲ. ಅವನಿಗೆ ಅಂದು ತಂದೆತಾಯಿ ಸಿಕ್ಕಿದರು, ಅಂದೇ ತೀರಿಯೂ ಹೋದರು.

ದೋಣಿ ಹತ್ತುವ ಮಾತು ಅವನಿಗೆ ಮರೆತುಹೋಯಿತು. ಆ ವಾರವೆಲ್ಲ ಬೀದಿಯಲ್ಲಿ ಇದೇ ಸುದ್ದಿ. ಕೆಲವರಿಗೆ ನಾಚಿಕೆ, ಕೆಲವರಿಗೆ ಇನ್ನೂ ಅನುಮಾನ. ಓಬದ್ಯಾ ಪೂಜ್ಯರಲ್ಲಿಗೆ ಹೋಗಿ, ಹುಟ್ಟಿಗೆ ಕಳಂಕವಿಲ್ಲ ಎನ್ನುವುದನ್ನು ಒಪ್ಪಿದೆ, ಆದರೂ ತಂದೆಯ ಹೆಸರು ಸಿಕ್ಕಲಿಲ್ಲವಲ್ಲ, ನಾನು ಏನೆಂದು ಕೂಗಲಿ ಎಂದು ಕೇಳಿದ. ಅವನದು ಹಟವಲ್ಲ, ಕರೆಯುವ ಕ್ರಮ ತಪ್ಪೀತೆಂಬ ಭಯ. ಪೂಜ್ಯರು ರಟ್ಟು ಕತ್ತರಿಸುತ್ತಲೇ, ಈ ವಾರ ಮೊದಲ ಕರೆಯನ್ನು ನಾನೇ ಕೂಗುತ್ತೇನೆ ಎಂದಷ್ಟೇ ಹೇಳಿದರು.

ಸಬ್ಬತ್ತು ಬಂತು. ಆ ವಾರದ ಓದು, ಶಾಪಗಳ ಬೆನ್ನಿಗೇ ಬರುವ ಭಾಗ. ನೀವೆಲ್ಲರೂ ಇಂದು ದೇವರ ಮುಂದೆ ನಿಂತಿದ್ದೀರಿ ಎಂದು ಮೋಶೆ ತನ್ನ ಜನಕ್ಕೆ ಹೇಳುವ ಮಾತಿನಿಂದ ಅದು ಆರಂಭವಾಗುತ್ತದೆ. ಶಾಪದ ಬೆನ್ನಿಗೆ ಈ ಮಾತೇಕೆ ಎಂದು ಹಿಂದಿನವರು ಕೇಳಿದ್ದಾರೆ. ಶಾಪಗಳನ್ನು ಕೇಳಿ ಜನರ ಮುಖ ಬಿಳಿಚಿಕೊಂಡಿತು, ಇದನ್ನೆಲ್ಲ ತಾಳುವವರು ಯಾರು ಎಂದು ಅವರು ಗೋಳಾಡಿದರು. ಆಗ ಮೋಶೆ, ಹೆದರಬೇಡಿ, ಇಷ್ಟು ತಪ್ಪು ಮಾಡಿಯೂ ನೀವು ಮುಗಿದುಹೋಗಿಲ್ಲ, ನೋಡಿ, ಇಂದಿಗೂ ನಿಂತಿದ್ದೀರಿ ಎಂದು ಸಂತೈಸಿದ ಎಂದು ಉತ್ತರವನ್ನೂ ಕೊಟ್ಟಿದ್ದಾರೆ. ಮೊದಲ ಕರೆ ಪುರೋಹಿತ ವಂಶದವರಿಗೆ ಸಲ್ಲಬೇಕು. ಆ ಬೀದಿಯಲ್ಲಿ ಆ ವಂಶದವರಿಲ್ಲದ ಕಾರಣ ಊರಿನ ಯಾರಾದರೂ ಗಣ್ಯರನ್ನು ಕರೆಯುತ್ತಿದ್ದರು.

ಪೂಜ್ಯರು ಮಹಡಿಯ ವೇದಿಕೆಯಿಂದ ಕೆಳಗೆ ನೋಡಿದರು. ಉಪನ್ಯಾಸ ಮಾಡಲಿಲ್ಲ. ಎರಡು ಪ್ರಶ್ನೆ ಇಟ್ಟರು. 'ನೀವೆಲ್ಲರೂ' ಎಂದ ಮೇಲೆ ಮುಗಿಯಲಿಲ್ಲವೇ? ಮೋಶೆ ಮತ್ತೆ ಮುಖಂಡರು, ಹಿರಿಯರು, ಹೆಂಗಸರು, ಮಕ್ಕಳು, ಸೌದೆ ಕಡಿಯುವವನಿಂದ ನೀರು ಹೊರುವವನವರೆಗೆ ಎಂದು ಒಬ್ಬೊಬ್ಬರನ್ನೇ ಏಕೆ ಹೆಸರಿಸಿದ? ಎರಡನೆಯದು, ದೇವರು ಮಾಡಿಕೊಳ್ಳುವ ಈ ಒಡಂಬಡಿಕೆ ಇಂದು ಇಲ್ಲಿ ಇರುವವರೊಡನೆ ಮಾತ್ರವಲ್ಲ, ಇಂದು ಇಲ್ಲಿ ಇಲ್ಲದವರೊಡನೆಯೂ ಎಂದು ಮೋಶೆ ಹೇಳಿದ. ಇಲ್ಲದವರು ಎಂದರೆ ಯಾರು?

ಉತ್ತರ ಎಲ್ಲರಿಗೂ ಗೊತ್ತಿತ್ತು. ಎಲ್ಲರೂ ಎಂದಾಗ ಕೆಲವರು ಬಿಟ್ಟುಹೋಗುತ್ತಾರೆ, ಒಬ್ಬನಿಗೆ ಇನ್ನೊಬ್ಬ ಹೊಣೆಯಾಗಬೇಕಾದರೆ ಒಬ್ಬೊಬ್ಬನನ್ನೂ ಎಣಿಸಲೇಬೇಕು. ಇಲ್ಲದವರು ಎಂದರೆ ಮುಂದೆ ಹುಟ್ಟಲಿರುವ ತಲೆಮಾರುಗಳು. ಚಿಕ್ಕಂದಿನಿಂದ ಹೇಳಿಕೊಂಡು ಬಂದ ಪಾಠ. ಆದರೆ ಅಂದು ಯಾರ ಬಾಯಿಂದಲೂ ಅದು ಹೊರಡಲಿಲ್ಲ. ಎಲ್ಲರ ಕಣ್ಣೂ ಹಿಂದಿನ ಬೆಂಚಿಗೆ ಹೋಗಿತ್ತು.

"ಹಲಸಿನ ಮರದ ಕೆಳಗೆ ನಿಂತಿದ್ದ ಇಬ್ಬರೂ ಆ ಇಲ್ಲದವರಲ್ಲಿ ಸೇರಿದ್ದಾರೆ," ಎಂದರು ಪೂಜ್ಯರು. "ಅವರ ಹೆಸರು ದೇವರಿಗೆ ಗೊತ್ತು. ನಮಗೆ ಗೊತ್ತಾಗುವವರೆಗೆ ನನ್ನದು ಇರಲಿ. ಅಕ್ಷರ ಕಲಿಸಿದವನು ಹೆತ್ತವನಿಗೆ ಸಮಾನ ಎಂದು ಹಿಂದಿನವರು ಹೇಳಿದ್ದಾರೆ."

ಅನಂತರ ಅವರು ತಮ್ಮ ಮುದಿ ದನಿಯನ್ನು ಎತ್ತರಿಸಿ, ಮಂದಿರದ ಮೂಲೆ ಮೂಲೆಗೂ ಮುಟ್ಟುವಂತೆ ಕೂಗಿದರು.

"ತೋವಿಯಾನ ಮಗ ಗೆರ್ಶೋಂ ಎದ್ದು ಬರಲಿ."

ಗೆರ್ಶೋಮನಿಗೆ ತಾನು ಎದ್ದದ್ದು ಗೊತ್ತಾಗಲಿಲ್ಲ, ಮೆಟ್ಟಿಲು ಹತ್ತಿದ್ದೂ ಗೊತ್ತಾಗಲಿಲ್ಲ. ವರ್ಷಗಟ್ಟಲೆ ಶಾಪಕ್ಕೆಂದು ಹತ್ತಿದ ಅದೇ ಮೆಟ್ಟಿಲು. ಸುರುಳಿಯ ಮುಂದೆ ನಿಂತು ಅವನು ಸ್ತೋತ್ರ ಹೇಳಿದ. ಪೂಜ್ಯರು ಓದಿದರು. ನೀರು ಹೊರುವವನು ಎಂಬ ಮಾತು ಬಂದಾಗ ಅವರ ಬೆರಳು ಆ ಸಾಲಿನ ಮೇಲೆ ಒಂದು ಕ್ಷಣ ನಿಂತಿತು. ಓದು ಮುಗಿಯುವಾಗ ಹಿಂದಿನ ಜಾಲರಿಯ ತೂತಿನಿಂದ ಒಂದು ಸುಕ್ಕುಗಟ್ಟಿದ ಬೆರಳು ಹೊರಗೆ ಬಂತು. ಅವನನ್ನು ಮರದಿಂದ ಇಳಿಸಿಕೊಂಡ ಬೆರಳು ಅದು. ಅವನು ಅದನ್ನು ಮುಟ್ಟಿ ತನ್ನ ಬೆರಳಿಗೆ ಮುತ್ತಿಟ್ಟುಕೊಂಡ. ಕೆಳಗಿಳಿದಾಗ ಕೈಗಳು ಚಾಚಿಕೊಂಡಿದ್ದವು. ಎಲ್ಲವೂ ಅಲ್ಲ, ಆದ್ದರಿಂದಲೇ ಚಾಚಿದವು ನಿಜವಾದ ಕೈಗಳು. ಓಬದ್ಯಾನ ಕೈ ಪಂಚೆಯ ಮಡಿಕೆಯಲ್ಲಿಯೇ ಇತ್ತು.

ಅಂದಿನಿಂದ ಗೆರ್ಶೋಮನ ಒಂಟಿತನ ಹೋಯಿತೆಂದು ಹೇಳಿದರೆ ಸುಳ್ಳಾದೀತು. ಐವತ್ತರ ಗಂಡಿಗೆ ಯಾರು ಹೆಣ್ಣು ಕೊಡುತ್ತಾರೆ? ಬಿಡಾರ ಅದೇ, ಒಲೆಯೂ ಅದೇ. ಸಬ್ಬತ್ತಿನ ಊಟಕ್ಕೆ ಮಾತ್ರ ಅವನು ಪೂಜ್ಯರ ಕೋಣೆಗೆ ಹೋಗುತ್ತಿದ್ದ. ಇಬ್ಬರೂ ಹೆಚ್ಚು ಮಾತಾಡುತ್ತಿರಲಿಲ್ಲ. ಒಬ್ಬರೇ ಉಣ್ಣುವ ಅಭ್ಯಾಸವಿದ್ದವರಿಬ್ಬರು ಎದುರುಬದುರು ಕೂತರೆ ಮಾತಿನ ಅಗತ್ಯ ಹೆಚ್ಚಿರುವುದಿಲ್ಲ.

ಆ ಚಳಿಗಾಲದಲ್ಲಿಯೇ ಪೂಜ್ಯರು ದೇವರ ಪಾದ ಸೇರಿದರು. ಅವರಲ್ಲಿ, ತೀರಿಕೊಂಡವರಿಗಾಗಿ ಮಗನಾದವನು ವರ್ಷವಿಡೀ ಪ್ರತಿದಿನ ಸಭೆಯಲ್ಲಿ ಎದ್ದು ನಿಂತು ಹೇಳಬೇಕಾದ ಪ್ರಾರ್ಥನೆಯೊಂದಿದೆ. ಮಣ್ಣು ಮಾಡಿ ಬಂದ ಸಂಜೆ ಓಬದ್ಯಾ ಅತ್ತ ಇತ್ತ ನೋಡಿದ. ಮಕ್ಕಳಿಲ್ಲದ ಗುರುಗಳಿಗೆ ಅದನ್ನು ಹೇಳುವವರು ಯಾರು ಎಂದು ಅವನ ಬಾಯಿಗೆ ಬಂದಿತ್ತು. ಅಷ್ಟರಲ್ಲಿ ಹಿಂದಿನ ಬೆಂಚಿನಲ್ಲಿ ಗೆರ್ಶೋಂ ಎದ್ದು ನಿಂತು ಹೇಳತೊಡಗಿದ್ದ. ಮಹಾತ್ಮರು ಅನಾಥನಿಗೆ ಹೆಸರು ಕೊಟ್ಟರೆಂದು ಊರೆಲ್ಲ ತಿಳಿದಿತ್ತು. ಅವರೂ ಒಬ್ಬ ಮಗನಿಗಾಗಿ ಕಾದಿದ್ದರೆಂದು ಓಬದ್ಯಾನಿಗೆ ಹೊಳೆದದ್ದು ಆಗ. ಅವನು ಆ ಸಂಜೆ ಗೆರ್ಶೋಮನ ಮುಖ ನೋಡಲಾರದೆ ಹೋದ.

ಮತ್ತೆ ಶಾಪಗಳ ವಾರ ಬಂತು. 'ಇಷ್ಟವಿದ್ದವರು' ಎಂದು ಓಬದ್ಯಾ ಆರಂಭಿಸುವುದಕ್ಕೂ ಗೆರ್ಶೋಂ ತಾನಾಗಿ ಏಳುವುದಕ್ಕೂ ಸರಿಹೋಯಿತು. ಓಬದ್ಯಾ ಮಾತು ನಿಲ್ಲಿಸಿದ. ಗಂಟಲು ಸರಿಮಾಡಿಕೊಂಡು, ಅಂಜಿಕೆಯನ್ನು ನುಂಗಿಕೊಂಡು, ಅವನನ್ನು ತಂದೆಯ ಹೆಸರು ಹಿಡಿದೇ ಕರೆದ. ಆ ಬೀದಿಯಲ್ಲಿ ಈಗಲೂ ಆ ಓದಿಗೆ ಹೆಸರು ಹಿಡಿದೇ ಕರೆಯುತ್ತಾರೆಂದು ಹೇಳುತ್ತಾರೆ.

ಹೊಸ ವರ್ಷದ ಹಿಂದಿನ ದಿನ, ಹೊತ್ತು ಇಳಿಯುವ ಮೊದಲು, ಗೆರ್ಶೋಂ ಒಂದು ಎಣ್ಣೆಯ ದೀಪವನ್ನು ಹಗ್ಗಕ್ಕೆ ಕಟ್ಟಿಕೊಂಡು ಹಲಸಿನ ಮರದ ಬಳಿಗೆ ಹೋದ. ತೀರಿಕೊಂಡವರ ನೆನಪಿಗೆ ದೀಪ ಹಚ್ಚುವುದು ಅವರ ರೂಢಿ. ಅದನ್ನು ಆ ಕೊಂಬೆಗೇ ಕಟ್ಟಬೇಕೆಂದು ಅವನ ಆಸೆ. ಕೈ ಚಾಚಿದ, ಎಟುಕಲಿಲ್ಲ. ಕೊಡ ಬೋರಲು ಹಾಕಿ ಹತ್ತಿದ, ಎಟುಕಲಿಲ್ಲ. ಇಳಿದು ದೀಪ ಹಿಡಿದುಕೊಂಡು ಸುಮ್ಮನೆ ನಿಂತ. ಎಷ್ಟೇ ಆದರೂ ಅದು ಒಬ್ಬರ ಕೆಲಸವಲ್ಲ.

ಹಿಂದೆ ಹೆಜ್ಜೆಯ ಸದ್ದಾಯಿತು. ಓಬದ್ಯಾ ಬಂದಿದ್ದ, ಎಷ್ಟು ಹೊತ್ತಿನಿಂದ ನೋಡುತ್ತಿದ್ದನೋ ತಿಳಿಯದು. ಅವನು ಹತ್ತಿರ ಬಂದು ಗೆರ್ಶೋಮನ ಬೆರಳ ತುದಿಗೆ ತನ್ನ ಬೆರಳು ಮುಟ್ಟಿಸಿ ಮುತ್ತಿಟ್ಟ. ಆಮೇಲೆ ಮೇಲುಹೊದಿಕೆ ತೆಗೆದು ಬೇರಿನ ಮೇಲಿಟ್ಟು, ಮರಕ್ಕೆ ಕೈಯೂರಿ, ಆ ದೊಡ್ಡ ದೇಹವನ್ನು ಬಗ್ಗಿಸಿದ.

"ಹತ್ತು, ಮಾರಾಯಾ," ಎಂದ. "ನಾನು ನಿಂತಿದ್ದೇನೆ."